ಹಿಂದಿನಿಂದ ಬರುವ ಸದ್ದು: ಹಳೆಯ ಕಾರುಗಳು ಮತ್ತು ನಮ್ಮ ಸೀಮೆಯ ಮೇಸ್ತ್ರಿಗಳ ಕಿವಿ

ಕಪಿಲೆಯ ದಡದಲ್ಲಿರುವ ನಂಜನಗೂಡು, ಕಪಿಲೆ ಕಾವೇರಿಯನ್ನು ಕೂಡುವೆಡೆಯ ತಿರುಮಕೂಡಲು ನರಸೀಪುರ, ಈ ಎರಡು ಊರುಗಳನ್ನು ಹೊಳೆಯೊಂದು ಜೋಡಿಸಿರುವಂತೆ ಹೆದ್ದಾರಿಯೊಂದೂ ಜೋಡಿಸಿದೆ. ಕೋಳಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರುಗಳನ್ನು ಹಾದು ನರಸೀಪುರದ ಮೇಲೆ ಕೊಳ್ಳೇಗಾಲವನ್ನು ಮುಟ್ಟುವ ಆ ರಸ್ತೆಗೆ ಹಿಂದೆ 212 ಎಂಬ ಸಂಖ್ಯೆಯಿದ್ದಿತು, ಈಗ 766. ಈ ರಸ್ತೆಯ ಇಕ್ಕೆಲದ ದೇವಾಲಯಗಳನ್ನು ಕುರಿತು ಬಲ್ಲವರು ಸಾಕಷ್ಟು ಬರೆದಿದ್ದಾರೆ. ರಸ್ತೆಯ ಮೇಲೆ ದಶಕಗಳ ಕಾಲ ಓಡಿದ ಅಂಬಾಸಿಡರ್, ಫಿಯಟ್, ಹೆರಾಲ್ಡ್ ಕಾರುಗಳನ್ನು ಕುರಿತು, ಅದರಲ್ಲಿಯೂ ಅವುಗಳ ಹಿಂಭಾಗದಿಂದ ಹೊರಡುತ್ತಿದ್ದ ಬಗೆಬಗೆಯ ಸದ್ದುಗಳನ್ನು ಕುರಿತು ಬರೆದುದನ್ನು ನಾನು ಕಂಡಿಲ್ಲ. ವಿಷಯ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಆದರೆ ಆ ಸದ್ದಿನ ಅರ್ಥ ಸರಿಯಾಗಿ ತಿಳಿದರೆ ಒಂದು ಸಂಸಾರ ಸಾಲದಿಂದ ಪಾರಾಗುತ್ತಿದ್ದಿತು; ತಪ್ಪಿದರೆ ಬೆಳೆ ಮಾರಿದ ಹಣವೆಲ್ಲ ಗ್ಯಾರೇಜಿಗೆ ಹೋಗುತ್ತಿದ್ದಿತು. ಒಮ್ಮೊಮ್ಮೆ ಪ್ರಾಣಕ್ಕೇ ಸಂಚಕಾರ ಬರುತ್ತಿದ್ದಿತು. ಆದ್ದರಿಂದ ಈ ವಿದ್ಯೆಗೂ ಒಂದು ಚರಿತ್ರೆ ಇರುವುದು ನ್ಯಾಯವೇ.

ಮೊದಲಿಗೆ ಕಾಲಮಾನವನ್ನು ಸ್ವಲ್ಪ ನೋಡೋಣ. ಹಿಂದೂಸ್ತಾನ್ ಮೋಟರ್ಸ್ 1942ರಲ್ಲಿಯೂ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿಯೂ ಸ್ಥಾಪನೆಯಾದುವು. ಸ್ವಾತಂತ್ರ್ಯಾನಂತರ ಭಾರತ ಸರ್ಕಾರವು ದೇಶದೊಳಗೇ ಕಾರುಗಳನ್ನು ತಯಾರಿಸುವವರಿಗೆ ಮಾತ್ರ ಅವಕಾಶವೆಂಬ ನೀತಿಯನ್ನು ಹಿಡಿದಾಗ, ಬಿಡಿಭಾಗಗಳನ್ನು ತರಿಸಿ ಜೋಡಿಸುತ್ತಿದ್ದ ಜನರಲ್ ಮೋಟರ್ಸ್, ಫೋರ್ಡ್ ಕಂಪನಿಗಳು 1954ರ ಹೊತ್ತಿಗೆ ಇಲ್ಲಿಂದ ಕಾಲ್ತೆಗೆದುವು. ಉಳಿದದ್ದು ಮುಖ್ಯವಾಗಿ ಮೂರೇ ಮನೆತನ. ಪಶ್ಚಿಮ ಬಂಗಾಳದ ಉತ್ತರಪಾಡಾದಿಂದ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ರೂಪವನ್ನೇ ತಳೆದು 1957-58ರಲ್ಲಿ ಬಂದ ಅಂಬಾಸಿಡರ್. ಮುಂಬಯಿಯ ಕುರ್ಲಾದಿಂದ ಬಂದ, ಮುಂದೆ ಪದ್ಮಿನಿ ಎಂಬ ಹೆಸರು ಪಡೆದ ಫಿಯಟ್ 1100. ಮದರಾಸಿನಿಂದ 1961ರಲ್ಲಿ ಹೊರಬಂದ ಸ್ಟ್ಯಾಂಡರ್ಡ್ ಹೆರಾಲ್ಡ್. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾದ ಕಾಲವದು. ಆದ್ದರಿಂದ ಹಳೆಯ ಕಾರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಮೈಸೂರಿನ ವಕೀಲರಿಂದ ನಂಜನಗೂಡಿನ ಅಕ್ಕಿ ಗಿರಣಿಯವರಿಗೆ, ಅವರಿಂದ ನರಸೀಪುರದ ಟ್ಯಾಕ್ಸಿಯವರಿಗೆ ಇಳಿಯುತ್ತ ಇಪ್ಪತ್ತು ಮೂವತ್ತು ವರ್ಷ ಬಾಳುತ್ತಿದ್ದಿತು. ಮಾದರಿಗಳು ಕೆಲವೇ, ಬದಲಾವಣೆ ಅತ್ಯಲ್ಪ, ಆಯುಷ್ಯ ದೀರ್ಘ. ಒಂದೇ ಬಗೆಯ ರೋಗವನ್ನು ಸಾವಿರ ಮೈಗಳಲ್ಲಿ ಕಂಡ ವೈದ್ಯನಿಗೆ ಕೈಗುಣ ಬರುವಂತೆ ನಮ್ಮ ಮೇಸ್ತ್ರಿಗಳಿಗೆ ಕಿವಿಗುಣ ಬಂದುದು ಹೀಗೆ.

ಈ ಕಾರುಗಳಲ್ಲೆಲ್ಲ ಎಂಜಿನು ಮುಂದೆ, ಎಳೆಯುವ ಚಕ್ರಗಳು ಹಿಂದೆ. ನಡುವೆ ಗಾಡಿಯ ಹೊಟ್ಟೆಯ ಕೆಳಗೆ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತದೆ. ಅದರ ತುದಿಯಲ್ಲಿರುವ ಪುಟ್ಟ ಪಿನಿಯನ್ ಎಂಬ ಹಲ್ಲುಗಾಲಿ, ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಕ್ರೌನಿನೊಳಗೆ ಡಿಫರೆನ್ಷಿಯಲ್ಲಿನ ಸ್ಟಾರ್ ಪಿನಿಯನ್ನುಗಳು. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಆಕ್ಸಲ್ ಶಾಫ್ಟು. ಎತ್ತಿನ ಗಾಡಿಗೆ ಈ ರಗಳೆಯಿಲ್ಲ. ಅಲ್ಲಿ ಅಚ್ಚು ನಿಂತಿರುತ್ತದೆ, ಎರಡು ಚಕ್ರಗಳೂ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ಕಡೆಗೀಲು ಭದ್ರವಾಗಿದ್ದು ಕೀಲೆಣ್ಣೆ ಹಾಕಿದ್ದರಾಯಿತು. ಕಾರಿನಲ್ಲಿ ಎರಡು ಚಕ್ರಗಳನ್ನೂ ಒಂದೇ ಎಂಜಿನು ಎಳೆಯಬೇಕು. ಆದರೆ ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥವನ್ನು ಮೂಲೆಯಲ್ಲಿ ತಿರುಗಿಸಲು ಚಕ್ರಕ್ಕೆ ಮರದ ಬೆಣೆ ಕೊಟ್ಟು ಎಷ್ಟು ಜನ ಹೆಣಗುತ್ತಾರೆಂಬುದನ್ನು ನೋಡಿದವರಿಗೆ, ಆ ಕೆಲಸವನ್ನು ಎಣ್ಣೆಯಲ್ಲಿ ಮುಳುಗಿರುವ ನಾಲ್ಕಾರು ಹಲ್ಲುಗಾಲಿಗಳು ಸದ್ದಿಲ್ಲದೆ ಮಾಡುತ್ತವೆಂದರೆ ಬೆರಗಾಗುತ್ತದೆ. ಸದ್ದು ಕೇಳಿಸತೊಡಗಿದಾಗಲೇ ನಮಗೆ ಅವುಗಳ ನೆನಪು.

ಕಷ್ಟವೇನೆಂದರೆ, ಹಿಂದಿನಿಂದ ಸದ್ದು ಬಂದಾಗ ಅದು ಎಲ್ಲಿಂದ ಬಂದಿತೆಂದು ಹೇಳುವುದು ಸುಲಭವಲ್ಲ. ಕಾರಿನ ಮೈ ತಗಡಿನದು. ಸದ್ದು ಲೋಹದ ಮೂಲಕ ಎಲ್ಲೆಡೆಗೂ ಹರಿಯುತ್ತದೆ. ಎಡ ಚಕ್ರದಲ್ಲಿ ಹುಟ್ಟಿದ್ದು ಬಲಗಡೆಯ ಬಾಗಿಲಲ್ಲಿ ಕೇಳಿಸಬಹುದು. ಹಿಂದಿನ ಸೀಟು, ಡಿಕ್ಕಿ ಇವುಗಳ ಟೊಳ್ಳಿನಲ್ಲಿ ತಂಬೂರಿಯ ಬುರುಡೆಯಲ್ಲಿ ಆಗುವಂತೆ ಅದು ದೊಡ್ಡದಾಗುತ್ತದೆ. ಆದ್ದರಿಂದ ನಮ್ಮ ಕಡೆಯ ಬಲ್ಲ ಮೇಸ್ತ್ರಿಗಳು ‘ಎಲ್ಲಿ’ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದರು. ಅವರ ಮೊದಲ ಪ್ರಶ್ನೆ ‘ಯಾವಾಗ’ ಎಂಬುದು.

ಇದನ್ನು ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. 1978ರ ಬೇಸಿಗೆ. ನರಸೀಪುರದಲ್ಲಿ ನಮಗೆ ಬೇಕಾದವರೊಬ್ಬರು ಹಳೆಯದೊಂದು ಫಿಯಟ್ಟನ್ನು ಬಾಡಿಗೆಗೆ ಓಡಿಸುತ್ತಿದ್ದರು. ಅದರ ಹಿಂದುಗಡೆ ಗೊರಗೊರವೆಂಬ ಸದ್ದು ಶುರುವಾಯಿತು. ದೊಡ್ಡ ಊರಿನ ಗ್ಯಾರೇಜೊಂದರಲ್ಲಿ ತೋರಿಸಿದಾಗ, ಗಾಡಿಯನ್ನು ಓಡಿಸಿಯೂ ನೋಡದೆ, ಕ್ರೌನ್ ಪಿನಿಯನ್ ಹೋಗಿದೆ, ಜೊತೆ ಬದಲಾಯಿಸಬೇಕು ಎಂದರಂತೆ. ಅದು ಅವರ ಎಷ್ಟೋ ತಿಂಗಳ ದುಡಿಮೆಗೆ ಸಮ. ಹೆಂಡತಿಯ ಬಳೆಗಳನ್ನು ಅಡವಿಡುವ ಮಾತೂ ನಡೆದಿತ್ತು. ಅಷ್ಟರಲ್ಲಿ ಊರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆತಂದರು. ಅವರು ಕೈಯಲ್ಲಿ ಒಂದು ಸ್ಪ್ಯಾನರನ್ನೂ ಹಿಡಿಯದೆ ಬಂದು, ಪಕ್ಕದಲ್ಲಿ ನಿಂತಿದ್ದ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. “ಮೇಷ್ಟ್ರೇ, ಸದ್ದು ಎಡಗಡೆಯಿಂದ ಬತ್ತದಾ, ಬಲಗಡೆಯಿಂದ ಬತ್ತದಾ ಅಂತ ಹೇಳ್ಬೇಡಿ. ಯಾವಾಗ ಜಾಸ್ತಿ ಆಯ್ತದೆ, ಯಾವಾಗ ನಿಲ್ತದೆ, ಅಷ್ಟು ಹೇಳಿ ಸಾಕು,” ಎಂದರು.

ಮೊದಲು ನೇರ ರಸ್ತೆಯಲ್ಲಿ ಆಕ್ಸಿಲೇಟರನ್ನು ಒತ್ತಿದರು, ಬಿಟ್ಟರು, ಗೇರನ್ನು ನ್ಯೂಟ್ರಲ್ಲಿಗೆ ತಂದು ಗಾಡಿಯನ್ನು ಹರಿಯಬಿಟ್ಟರು. ಸದ್ದು ಮೂರು ಸ್ಥಿತಿಯಲ್ಲಿಯೂ ಒಂದೇ ಸಮನೆ ಇದ್ದಿತು. ವೇಗ ತಗ್ಗಿದಂತೆ ತಗ್ಗಿತು. ಬಳಿಕ ಬಯಲಿನಲ್ಲಿ ಗಾಡಿಯನ್ನು ದೊಡ್ಡ ಸುತ್ತಾಗಿ ತಿರುಗಿಸಿದರು. ಎಡಕ್ಕೆ ತಿರುಗಿದಾಗಲೆಲ್ಲ ಗೊರಗೊರ ಹೆಚ್ಚಿತು. ಬಲಕ್ಕೆ ತಿರುಗಿದಾಗ ಬಹುಮಟ್ಟಿಗೆ ಅಡಗಿತು. ಮೇಸ್ತ್ರಿಗಳು ಗಾಡಿ ನಿಲ್ಲಿಸಿ, “ಬಲಗಡೆ ಬೇರಿಂಗು” ಎಂದರು. ಜಾಕಿ ಕೊಟ್ಟು ಚಕ್ರ ಬಿಚ್ಚಿದಾಗ ಬೇರಿಂಗಿನ ಗುಂಡುಗಳು ಓಡುವ ದಾರಿ ಸಿಡುಬಿನ ಮುಖದಂತೆ ಗುಳಿಬಿದ್ದಿದ್ದಿತು. ಆಯಿಲ್ ಸೀಲೂ ಕೆಟ್ಟು, ಎಣ್ಣೆ ಬ್ರೇಕಿನ ಡ್ರಮ್ಮಿನೊಳಕ್ಕೆ ಜಿನುಗತೊಡಗಿದ್ದಿತು. ಬೇರಿಂಗೂ ಸೀಲೂ ಸೇರಿ ಆದ ಖರ್ಚು ಕ್ರೌನ್ ಪಿನಿಯನ್ನಿನ ಬೆಲೆಯ ಒಂದು ಸಣ್ಣ ಪಾಲು. ಬಳೆಗಳು ಕೈಯಲ್ಲೇ ಉಳಿದುವು.

ಇದರಲ್ಲಿ ಮಂತ್ರವೇನೂ ಇಲ್ಲ. ಎಡಕ್ಕೆ ತಿರುಗುವಾಗ ಗಾಡಿಯ ಮೈ ಬಲಕ್ಕೆ ವಾಲುತ್ತದೆ. ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಸವೆದ ಬೇರಿಂಗು ಭಾರ ಬಿದ್ದಾಗ ನರಳುತ್ತದೆ. ಕ್ರೌನ್ ಪಿನಿಯನ್ನಿನ ಸದ್ದಾಗಿದ್ದರೆ ಎಳೆತ ಬದಲಾದಾಗ ಅದು ಬದಲಾಗಬೇಕಿತ್ತು. ಏಕೆಂದರೆ ಎಂಜಿನು ಚಕ್ರವನ್ನು ಎಳೆಯುವಾಗ ಹಲ್ಲಿನ ಒಂದು ಮುಖದ ಮೇಲೆ ಒತ್ತಡ; ಆಕ್ಸಿಲೇಟರನ್ನು ಬಿಟ್ಟು ಎಂಜಿನು ಗಾಡಿಯನ್ನು ತಡೆಯುವಾಗ ಇನ್ನೊಂದು ಮುಖದ ಮೇಲೆ. ಎರಡು ಮುಖಗಳೂ ಒಂದೇ ಸಮನೆ ಸವೆಯುವುದು ಅಪರೂಪ. ಎಳೆಯುವಾಗ ಮಾತ್ರ ಗುಂಯ್‌ಗುಟ್ಟಿ, ಬಿಟ್ಟೊಡನೆ ಅಡಗಿದರೆ ಹಲ್ಲಿನ ಕಡೆಗೆ ಸಂಶಯ. ಎರಡು ಸ್ಥಿತಿಯಲ್ಲಿಯೂ ಗುಂಯ್‌ಗುಟ್ಟುತ್ತ ದನಿ ಮಾತ್ರ ಬದಲಿಸಿದರೆ ಪಿನಿಯನ್ನನ್ನು ಹಿಡಿದಿರುವ ಬೇರಿಂಗುಗಳ ಕಡೆಗೂ ನೋಡಬೇಕು. ಇನ್ನು ಟಾರು ಮುಗಿದು ಮಣ್ಣು ರಸ್ತೆ ಬಂದೊಡನೆ ಸದ್ದಿನ ರೀತಿಯೇ ಬದಲಾದರೆ ಅದು ಟೈರಿನದು. ಹಲ್ಲುಗಾಲಿಗೆ ರಸ್ತೆ ಯಾವುದೆಂಬ ಗೊಡವೆಯಿಲ್ಲ.

ಕನ್ನಡ ಕಲಿಸಿದವನಾದ ನನಗೆ ಈ ವಿದ್ಯೆಯಲ್ಲಿ ಇನ್ನೊಂದು ಸೊಗಸು ಕಂಡಿತು. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯವೆಂಬುದೊಂದಿದೆ. ಕೇಳಿದ ದನಿಯನ್ನು ಹಾಗೆಯೇ ಹಿಡಿದು ಹೇಳುವ ಪಟಪಟ, ಕರಕರ, ಗುಳುಗುಳು ಮುಂತಾದ ಮಾತುಗಳು. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುವ ಈ ಭಾಗವು ಗ್ಯಾರೇಜಿನಲ್ಲಿ ಜೀವಂತ ಶಾಸ್ತ್ರವಾಗಿದ್ದಿತು. ಗುಂಯ್ ಎಂದರೆ ಹಲ್ಲು, ಗೊರಗೊರ ಎಂದರೆ ಬೇರಿಂಗು. ಕಿರುಗುಟ್ಟಿದರೆ ಒಣಗಿದ ಕಮಾನು ಪಟ್ಟಿ ಅಥವಾ ಅದರ ಕಿವಿಯೊಳಗಿನ ಸವೆದ ಬುಷ್ಷು. ನೇರ ದಾರಿಯಲ್ಲಿ ಸುಮ್ಮನಿದ್ದು ತಿರುವಿನಲ್ಲಿ ಮಾತ್ರ ಕಟಕಟವೆಂದರೆ ಸ್ಟಾರ್ ಪಿನಿಯನ್. ಅವು ಕೆಲಸ ಮಾಡುವುದೇ ತಿರುವಿನಲ್ಲಿ. ಜರ್ರೆಂದು ಬ್ರೇಕು ಒತ್ತಿದಾಗ ಉಜ್ಜಿದರೆ ಸವೆದ ಬ್ರೇಕ್ ಶೂ. ಹಳ್ಳಕ್ಕೆ ಬಿದ್ದಾಗ ಲೊಡಲೊಡವೆಂದರೆ ಸೈಲೆನ್ಸರಿನ ಕಟ್ಟು, ಶಾಕ್ ಅಬ್ಸಾರ್ಬರಿನ ರಬ್ಬರು, ಇಲ್ಲವೇ ಡಿಕ್ಕಿಯಲ್ಲಿ ಉರುಳುವ ಜಾಕಿ. ಡಿಕ್ಕಿಯನ್ನು ಬರಿದು ಮಾಡದೆ ಕಾರಿನ ಕೆಳಗೆ ಮಲಗಬಾರದೆಂಬುದು ಅನುಭವಸ್ಥರ ಮೊದಲ ಸೂತ್ರವಾಗಿದ್ದಿತು.

ಒಂಟಿ ‘ಟಕ್’ಗೂ ಜೋಡಿ ‘ಟಕಟಕ’ಕ್ಕೂ ಇರುವ ವ್ಯತ್ಯಾಸವನ್ನಂತೂ ಮೇಸ್ತ್ರಿಗಳು ವೈಯಾಕರಣರಷ್ಟೇ ನಿಷ್ಠುರವಾಗಿ ಪಾಲಿಸುತ್ತಿದ್ದರು. ಕ್ಲಚ್ಚು ಬಿಟ್ಟು ಗಾಡಿ ಹೊರಡುವಾಗ, ಅಥವಾ ಗೇರು ಬದಲಿಸುವಾಗ ಒಮ್ಮೆ ಟಕ್ಕೆಂದು ನಿಂತರೆ ಎಲ್ಲಿಯೋ ಸಡಿಲವಿದೆ ಎಂದರ್ಥ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಸವೆದಿರಬಹುದು. ಆಕ್ಸಲನ್ನು ಕಮಾನಿಗೆ ಬಿಗಿದ ಯು-ಬೋಲ್ಟು ಸಡಿಲವಾಗಿರಬಹುದು. ಹಲ್ಲುಗಳ ನಡುವಣ ಸಂದು ದೊಡ್ಡದಾಗಿರಬಹುದು. ಓಡುವಾಗ ಬಿಡದೆ ಟಕಟಕವೆನ್ನುತ್ತಿದ್ದರೆ ತಿರುಗುವ ಯಾವುದೋ ವಸ್ತುವಿಗೆ ಒಂದೆಡೆ ಪೆಟ್ಟಾಗಿದೆ. ಹಲ್ಲು ಮುರಿದಿದೆ, ಚಕ್ರದ ನಟ್ಟು ಸಡಿಲವಾಗಿದೆ, ಅಥವಾ ಟೈರಿನ ಅಚ್ಚಿನಲ್ಲಿ ಕಲ್ಲು ಸಿಕ್ಕಿದೆ.

ಯಾವ ವಸ್ತು ಎಂಬುದನ್ನು ಎಣಿಕೆಯಿಂದ ತಿಳಿಯಬಹುದು. ಈ ಕಾರುಗಳ ಚಕ್ರದ ಸುತ್ತಳತೆ ಸುಮಾರು 2 ಮೀಟರು. ಗಂಟೆಗೆ 18 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 5 ಮೀಟರು; ಅಂದರೆ ಚಕ್ರ ಸೆಕೆಂಡಿಗೆ ಎರಡೂವರೆ ಸುತ್ತು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ನಾಲ್ಕು ಸುತ್ತಿಗೂ ಹೆಚ್ಚು ತಿರುಗುವುದರಿಂದ ಅದು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸುತ್ತು. ಕ್ರೌನಿಗೆ ನಲವತ್ತರ ಆಸುಪಾಸು ಹಲ್ಲುಗಳು. ಆದ್ದರಿಂದ ಹಲ್ಲಿಗೆ ಹಲ್ಲು ತಾಗುವುದು ಸೆಕೆಂಡಿಗೆ ಸುಮಾರು 100 ಸಲ. ಬೆರಳೆಣಿಕೆಗೆ ಸಿಗುವ ಟಕಟಕ ಚಕ್ರದ್ದು, ಎಣಿಕೆಗೆ ಸಿಗದ ನಡುಕ ಶಾಫ್ಟಿನದು, ದನಿಯಾಗಿ ಹಾಡುವುದು ಹಲ್ಲಿನದು. 36 ಕಿ.ಮೀ. ವೇಗಕ್ಕೆ ಹಲ್ಲಿನ ದನಿ ಸೆಕೆಂಡಿಗೆ 200 ಕಂಪನವಾಗುತ್ತದೆ. ಅದು ಮನುಷ್ಯರ ಮಾತಿನ ದನಿಗೆ ಹತ್ತಿರದ ಶ್ರುತಿ. ಸವೆದ ಡಿಫರೆನ್ಷಿಯಲ್ ಅಳುವಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣವಿರಬೇಕು. ಪಿಟೀಲು ಚೌಡಯ್ಯನವರು ಹುಟ್ಟಿದ ಸೀಮೆಯಲ್ಲಿ, ಸಭೆಯ ಕೊನೆಯವರಿಗೂ ನಾದ ಮುಟ್ಟಲೆಂದು ಅವರು ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡ ನಾಡಿನಲ್ಲಿ, ಶ್ರುತಿಯ ಏರಿಳಿತ ಹಿಡಿಯುವ ಕಿವಿಗಳು ಗ್ಯಾರೇಜಿನಲ್ಲಿಯೂ ಇದ್ದುವೆಂದರೆ ಆಶ್ಚರ್ಯವಿಲ್ಲ.

ಉಪಕರಣಗಳು ಬಹಳ ಇರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲಿನ ಹೌಸಿಂಗಿಗೆ ಒತ್ತಿ ಹಿಡಿಯನ್ನು ಕಿವಿಯ ಬಳಿಯ ಮೂಳೆಗೆ ಆನಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ಕೇಳುತ್ತಿದ್ದರು. 1816ರಲ್ಲಿ ಪ್ಯಾರಿಸ್ಸಿನಲ್ಲಿ ಲೆನೆಕ್ ಎಂಬ ವೈದ್ಯನು ಸ್ಟೆತಾಸ್ಕೋಪನ್ನು ಕಂಡುಹಿಡಿದುದು ಇದೇ ತತ್ತ್ವದ ಮೇಲೆ. ಅದು ಆಗ ಬರಿಯ ಮರದ ಕೊಳವೆಯಾಗಿದ್ದಿತು. ಎರಡು ಹಿಂಚಕ್ರಗಳನ್ನೂ ಎತ್ತಿ ನಿಲ್ಲಿಸಿ, ಗಾಡಿಯನ್ನು ಗೇರಿನಲ್ಲಿಟ್ಟು ಒಂದು ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಹಿಂದಕ್ಕೆ ತಿರುಗುತ್ತದೆ. ಆಗ ಕೈಗೆ ತಗಲುವ ಸಡಿಲವೇ ಹಲ್ಲಿನ ಸಂದಿನ ಅಳತೆ. ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ಬೆರಳಿನ ನಡುವೆ ಉಜ್ಜಿ ನೋಡುವುದೂ ಒಂದು ಪರೀಕ್ಷೆ. 1926ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರಿನಲ್ಲಿ ಬಂದ ಹೈಪಾಯ್ಡ್ ಎಂಬ ಹಲ್ಲಿನ ಏರ್ಪಾಡಿನಲ್ಲಿ ಪಿನಿಯನ್ ಕ್ರೌನಿನ ನಡುಮಟ್ಟಕ್ಕಿಂತ ಕೆಳಗಿರುತ್ತದೆ. ಅದರಿಂದ ಗಾಡಿಯ ನೆಲ ತಗ್ಗಿತು, ಸದ್ದೂ ತಗ್ಗಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಹೆಚ್ಚು ಜಾರುವುದರಿಂದ ಗಂಧಕದ ವಾಸನೆಯ ವಿಶೇಷವಾದ ಎಣ್ಣೆ ಬೇಕಾಯಿತು. ನಮ್ಮಲ್ಲಿ ಅದಕ್ಕೆ ‘ನೈಂಟಿ ಆಯಿಲ್’ ಎಂದೇ ಹೆಸರು. ಬೆರಳಿಗೆ ಹೊಳೆಯುವ ಲೋಹದ ಪುಡಿ ಅಂಟಿದರೆ ಸಮಾಚಾರ ಕೆಟ್ಟಿದೆಯೆಂದು ತಿಳಿಯಬೇಕು. ಮರದ ಹೊಟ್ಟು ಬಂದರೆ ಮಾರಿದವನು ಕೆಟ್ಟವನೆಂದು ತಿಳಿಯಬೇಕು! ಎಣ್ಣೆಗೆ ಹೊಟ್ಟು ಬೆರೆಸಿ ಸದ್ದಡಗಿಸಿ ಗಾಡಿ ಮಾರುವ ಕುಯುಕ್ತಿ ಜಗತ್ತಿನ ಎಲ್ಲೆಡೆಯೂ ಉಂಟು. ಬಾಳೆಹಣ್ಣಿನ ಸಿಪ್ಪೆ ತುಂಬುವವರ ಕಥೆಯನ್ನೂ ಹೇಳುತ್ತಾರೆ. ನಂಜನಗೂಡು ರಸಬಾಳೆ ಅಂಥ ಅವಮಾನಕ್ಕೆ ಗುರಿಯಾಗಿರಲಿಕ್ಕಿಲ್ಲವೆಂದು ನನ್ನ ನಂಬಿಕೆ.

ನಮ್ಮ ಸೀಮೆಗೇ ವಿಶೇಷವಾದ ಒಂದು ಸದ್ದನ್ನು ಇಲ್ಲಿ ಹೇಳಲೇಬೇಕು. ಸುಗ್ಗಿಯಲ್ಲಿ ರೈತರು ಹುರುಳಿ, ರಾಗಿಗಳನ್ನು ರಸ್ತೆಯ ಮೇಲೆಯೇ ಹರಡಿ, ಹೋಗಿಬರುವ ವಾಹನಗಳಿಂದ ಒಕ್ಕಣೆ ಮಾಡಿಸಿಕೊಳ್ಳುವುದು ಎಲ್ಲರೂ ಬಲ್ಲ ಸಂಗತಿ. ಹುರುಳಿಯ ಬಳ್ಳಿ ತಿರುಗುವ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಸರಸರ, ಪಟಪಟ ಎಂಬ ಸದ್ದು ಹಿಂದಿನಿಂದ ಬರುತ್ತದೆ. ಇದನ್ನು ಉಪೇಕ್ಷಿಸಬಾರದು. ಸುತ್ತಿಕೊಂಡ ಹೊಟ್ಟು ಬಿಸಿ ಸೈಲೆನ್ಸರಿಗೆ ತಗಲಿ ವಾಹನಗಳು ಹೊತ್ತಿ ಉರಿದ ಉದಾಹರಣೆಗಳಿವೆ. ಯಾವ ಇಂಗ್ಲಿಷ್ ಕೈಪಿಡಿಯಲ್ಲಿಯೂ ಈ ರೋಗದ ಹೆಸರಿಲ್ಲ. ನಮ್ಮ ಮೇಸ್ತ್ರಿಗಳು ಸುಗ್ಗಿಯ ತಿಂಗಳಲ್ಲಿ ಮೊದಲು ಬಗ್ಗಿ ನೋಡುತ್ತಿದ್ದುದೇ ಅದನ್ನು.

ಪ್ರಾಣಾಪಾಯದ ಮಾತು ಬಂದುದರಿಂದ ಇನ್ನೊಂದನ್ನು ಸೇರಿಸುತ್ತೇನೆ. ಆಕ್ಸಲ್ ಶಾಫ್ಟೇ ಗಾಡಿಯ ಭಾರವನ್ನೂ ಹೊತ್ತು ಚಕ್ರವನ್ನೂ ಹಿಡಿದಿರುವ ಕಾರುಗಳಲ್ಲಿ, ಹಿಂದಿನ ಬೇರಿಂಗು ಪೂರ್ತಿ ಕೆಟ್ಟರೆ ಅಥವಾ ಶಾಫ್ಟು ಮುರಿದರೆ ಚಕ್ರವೇ ಡ್ರಮ್ಮಿನ ಸಮೇತ ಹೊರಬರಬಹುದು. ಹತ್ತು ಜನರನ್ನು ತುಂಬಿಕೊಂಡು ಜಾತ್ರೆಗೆ ಹೋಗುವ ಟ್ಯಾಕ್ಸಿಗೆ ಹಾಗಾದರೆ ಏನಾದೀತೆಂದು ಊಹಿಸಿಕೊಳ್ಳಿ. ಗುಂಯ್‌ಗುಟ್ಟುವ ಹಲ್ಲು ವರ್ಷಗಟ್ಟಲೆ ಗುಂಯ್‌ಗುಟ್ಟುತ್ತಲೇ ಓಡೀತು. ಗೊರಗುಟ್ಟುವ ಬೇರಿಂಗು ಕಾಯುವುದಿಲ್ಲ. ಎರಡು ಸದ್ದುಗಳನ್ನು ಬೇರ್ಪಡಿಸುವ ಕಿವಿಗೆ ಅಷ್ಟು ಬೆಲೆಯಿದ್ದುದು ಇದಕ್ಕಾಗಿ.

ಮೇಸ್ತ್ರಿಗಳ ಅಭಿಪ್ರಾಯಕ್ಕೆ ಕಾರ್ಖಾನೆಗಳೂ ಕಿವಿಗೊಡಬೇಕಾದ ಉದಾಹರಣೆಯೊಂದಿದೆ. ಹೆರಾಲ್ಡಿನ ಹಿಂಭಾಗ ಉಳಿದವುಗಳಂತಿರಲಿಲ್ಲ. ಅಡ್ಡಲಾಗಿ ಇಟ್ಟ ಒಂದೇ ಕಮಾನು, ಎರಡು ಚಕ್ರಗಳಿಗೂ ಬೇರೆಬೇರೆಯಾಗಿ ಮೇಲೆ ಕೆಳಗೆ ತೂಗುವ ಆಕ್ಸಲ್ಲುಗಳು. ಹಳ್ಳದಿಣ್ಣೆಗೆ ಸುಖ, ಆದರೆ ಕೀಲುಗಳು ಹೆಚ್ಚು, ಸದ್ದು ಹುಟ್ಟುವ ತಾಣಗಳೂ ಹೆಚ್ಚು. ಕೊಳ್ಳುವವರಿಗಾಗಲಿ ಮೆಕ್ಯಾನಿಕ್ಕುಗಳಿಗಾಗಲಿ ಅದರಲ್ಲಿ ನಂಬಿಕೆ ಬೇರೂರಲಿಲ್ಲ. 1970ರ ದಶಕದ ಆರಂಭದಲ್ಲಿ ಅದೇ ಕಂಪನಿ ತಂದ ಗೆಝೆಲ್ ಕಾರು ಮತ್ತೆ ಹಳೆಯ ಬಗೆಯ ಗಟ್ಟಿ ಆಕ್ಸಲಿಗೇ ಮರಳಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಎಳೆಯುವ ಕೆಲಸ ಮುಂಚಕ್ರಗಳಿಗೆ ಹೋಯಿತು. ಪ್ರೊಪೆಲ್ಲರ್ ಶಾಫ್ಟು, ಕ್ರಾಸು, ಹಿಂದಿನ ಕ್ರೌನು ಪಿನಿಯನ್ನುಗಳೆಲ್ಲ ಒಮ್ಮೆಗೇ ಇಲ್ಲವಾದುವು. ಹಿಂದಿನಿಂದ ಬರುತ್ತಿದ್ದ ಸದ್ದುಗಳಲ್ಲಿ ಅರ್ಧಕ್ಕರ್ಧ ನಿಂತುವು. ಈ ಶತಮಾನ ಆರಂಭವಾಗುವ ಹೊತ್ತಿಗೆ ಪದ್ಮಿನಿಯ ತಯಾರಿಕೆ ನಿಂತಿತು. 2014ರ ಮೇ ತಿಂಗಳಲ್ಲಿ ಅಂಬಾಸಿಡರಿನದು. ಹೊಸ ಕಾರುಗಳು ಹೆಚ್ಚು ಸುಖ, ಹೆಚ್ಚು ಭದ್ರ. ಹಳೆಯದಕ್ಕಾಗಿ ನಾನು ಕಣ್ಣೀರಿಡುವವನಲ್ಲ.

ಆದರೂ ವಿದ್ಯೆಯ ಕೆಲಸ ಮುಗಿದಿಲ್ಲ. ನಮ್ಮ ಹಳ್ಳಿಗಳ ತರಕಾರಿ, ಹಾಲು, ಕಬ್ಬಿನ ಆಳುಗಳನ್ನು ಸಾಗಿಸುತ್ತಿರುವ ಬೊಲೆರೊ, 2005ರಿಂದ ಬಂದ ಟಾಟಾ ಏಸ್ ಮೊದಲಾದ ಗಾಡಿಗಳಿಗೆ ಇಂದಿಗೂ ಹಿಂದೆ ಕ್ರೌನೂ ಪಿನಿಯನ್ನೂ ಇವೆ. ಅವುಗಳ ಒಡೆಯರ ಕೈಯಲ್ಲಿ ಇಂದಿಗೂ ಹಣ ಅಷ್ಟಕ್ಕಷ್ಟೆ. ಇನ್ನೊಂದೆಡೆ ವಿದ್ಯುತ್ ಕಾರುಗಳು ಬರುತ್ತಿವೆ. ಬೆಂಗಳೂರಿನ ರೇವಾ 2001ರಲ್ಲಿಯೇ ಬಂದಿತ್ತು. ಎಂಜಿನಿನ ಗದ್ದಲವಿಲ್ಲದ ಈ ಗಾಡಿಗಳಲ್ಲಿ ಹಲ್ಲು, ಬೇರಿಂಗು, ಟೈರುಗಳ ಸಣ್ಣ ದನಿಯೂ ಮರೆಮಾಚದೆ ಕೇಳುತ್ತದೆ. ಕಂಪ್ಯೂಟರಿಗೆ ತಂತಿ ಜೋಡಿಸಿದರೆ ಅದು ವಿದ್ಯುತ್ತಿನ ದೋಷವನ್ನು ಹೇಳೀತು. ಸವೆದ ಬೇರಿಂಗಿನ ದನಿಯನ್ನು ಇನ್ನೂ ಬಹುಮಟ್ಟಿಗೆ ಮನುಷ್ಯನೇ ಕೇಳಬೇಕಾಗಿದೆ.

ನಮ್ಮ ಕೈಗಾರಿಕಾ ತರಬೇತಿ ಸಂಸ್ಥೆಗಳ ಮಕ್ಕಳಿಗೆ ಈ ಪಾಠವನ್ನು ಕನ್ನಡದಲ್ಲಿಯೇ ಕಲಿಸಬಹುದು. ಒಂದು ಬಯಲು, ಒಂದು ಹಳೆಯ ಗಾಡಿ, ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗ ಇಷ್ಟಿದ್ದರೆ ಸಾಕು. ಎಳೆಯುವಾಗಲೋ, ಬಿಟ್ಟಾಗಲೋ, ಹರಿಯುವಾಗಲೋ, ಎಡಕ್ಕೋ, ಬಲಕ್ಕೋ, ಟಾರಿನ ಮೇಲೋ, ಮಣ್ಣಿನ ಮೇಲೋ, ಒಮ್ಮೆಯೋ, ಮತ್ತೆಮತ್ತೆಯೋ. ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟ ಮೇಲೆಯೇ ಸ್ಪ್ಯಾನರನ್ನು ಮುಟ್ಟಬೇಕೆಂಬ ಕಟ್ಟಳೆ ಮಾಡಬೇಕು. ಹಳೆಯ ಗಾಡಿ ಇಟ್ಟುಕೊಂಡಿರುವ ಗೃಹಸ್ಥರೂ ಓಡಿಸಿ ನೋಡದೆ ಕ್ರೌನ್ ಪಿನಿಯನ್ ಬದಲಿಸಿ ಎನ್ನುವವರ ಮುಂದೆ ಇವೇ ಪ್ರಶ್ನೆಗಳನ್ನು ಇಡಬಹುದು. ನಂಜನಗೂಡು, ನರಸೀಪುರಗಳ ಹಳೆಯ ಮೇಸ್ತ್ರಿಗಳಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಸದ್ದುಗಳಿಗೆ ಇಟ್ಟ ಹೆಸರುಗಳನ್ನು ಯಾರಾದರೂ ಕುಳಿತು ಬರೆದುಕೊಂಡರೆ ಒಳ್ಳೆಯದು. ನಿಘಂಟಿಗೂ ಪ್ರಯೋಜನ, ಗಾಡಿಗಳಿಗೂ ಪ್ರಯೋಜನ.